ಸಂತಾನಹೀನತೆ ಮತ್ತು ಕರ್ಮದ ಪ್ರಶ್ನೆ

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ದಂಪತಿಗಳ ವಿಷಯದಲ್ಲಿ ನಮ್ಮ ಸಮಾಜವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸಿಬಿಟ್ಟಿದೆ. ಮಗು ಏಕೆ ಆಗಲಿಲ್ಲ ಎಂಬುದು ಕಾರಣವನ್ನು ಕುರಿತ ಪ್ರಶ್ನೆ. ಯಾರ ಪಾಪದಿಂದ ಆಗಲಿಲ್ಲ ಎಂಬುದು ದೋಷವನ್ನು ಹೊರಿಸುವ ಪ್ರಶ್ನೆ. ಮೊದಲನೆಯದನ್ನು ತಾಳ್ಮೆಯಿಂದ ವಿಚಾರಿಸುವ ಮುನ್ನವೇ ಎರಡನೆಯದಕ್ಕೆ ಉತ್ತರ ಸಿದ್ಧವಾಗಿರುತ್ತದೆ, ಮತ್ತು ಆ ಉತ್ತರವು ಬಹುಮಟ್ಟಿಗೆ ಸೊಸೆಯ ಜಾತಕದಲ್ಲಿಯೇ ಸಿಕ್ಕುತ್ತದೆ. ಈ ರೂಢಿಗೆ ಶಾಸ್ತ್ರದ ಒಪ್ಪಿಗೆ ಎಷ್ಟರಮಟ್ಟಿಗೆ ಇದೆ ಎಂಬುದು ಪರಿಶೀಲಿಸತಕ್ಕ ವಿಷಯ.

ಸಂತಾನವನ್ನು ಕರ್ತವ್ಯವೆಂದು ಬಗೆಯುವುದಕ್ಕೆ ಮೂಲವು ಋಣದ ಕಲ್ಪನೆ. ಹುಟ್ಟುವಾಗಲೇ ಹೊತ್ತು ಬರುವ ಮೂರು ಋಣಗಳಲ್ಲಿ ಋಷಿಗಳದನ್ನು ವೇದಾಧ್ಯಯನದ ವ್ರತವಾದ ಬ್ರಹ್ಮಚರ್ಯದಿಂದಲೂ, ದೇವತೆಗಳದನ್ನು ಯಜ್ಞದಿಂದಲೂ, ಪಿತೃಗಳದನ್ನು ಸಂತತಿಯಿಂದಲೂ ತೀರಿಸಬೇಕೆಂದು ತೈತ್ತಿರೀಯ ಸಂಹಿತೆಯು ಬ್ರಾಹ್ಮಣನನ್ನು ಕುರಿತು ಹೇಳುತ್ತದೆ. ಆದರೆ ಆತ್ಮವನ್ನರಿತವರು ಪುತ್ರೈಷಣೆಯನ್ನು, ಎಂದರೆ ಮಕ್ಕಳು ಬೇಕೆಂಬ ಬಯಕೆಯನ್ನು, ತೊರೆದು ಭಿಕ್ಷಾಟನೆಗೆ ಹೊರಟರೆಂದು ಬೃಹದಾರಣ್ಯಕೋಪನಿಷತ್ತು ಮೆಚ್ಚಿ ನುಡಿಯುತ್ತದೆ; ಅದೇ ಉಪನಿಷತ್ತಿನ ಕೊನೆಯ ಅಧ್ಯಾಯದಲ್ಲಿ ಬಯಸಿದಂಥ ಮಗುವನ್ನು ಪಡೆಯುವ ವಿಧಿಗಳೂ ಇವೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಸಂತಾನವಿಲ್ಲದ ಬ್ರಹ್ಮಚಾರಿಗಳು ಸಹಸ್ರಾರು ಮಂದಿ ಸ್ವರ್ಗಕ್ಕೆ ಹೋದರೆಂದೂ, ಮಕ್ಕಳಿಲ್ಲದ ಸಾಧ್ವಿಯಾದ ವಿಧವೆಯೂ ಅವರಂತೆಯೇ ಅಲ್ಲಿಗೆ ಸೇರುವಳೆಂದೂ ಒಪ್ಪುತ್ತದೆ.

ಇವೆಲ್ಲ ಬೇಡವೆಂದು ಬಿಟ್ಟವರ ಮಾತಾಯಿತು, ಬೇಕೆಂದರೂ ಪಡೆಯಲಾರದವರ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪರಂಪರೆಯು ಕೊಟ್ಟ ಉತ್ತರ ದತ್ತಕವಿಧಿ; ಮೈಸೂರು ಅರಮನೆಯೇ ಇದಕ್ಕೆ ಉದಾಹರಣೆ. ಅರಮನೆಯಿಂದ ನೊಂದ ಅಲಮೇಲಮ್ಮ ಎಂಬಾಕೆ ಕೊಟ್ಟಳೆನ್ನುವ ಶಾಪದ ಐತಿಹ್ಯವು ಮೈಸೂರು ಅರಸರಿಗೆ ಮಕ್ಕಳಾಗದಿರುವುದಕ್ಕೆ ಅರಮನೆಯ ಅನ್ಯಾಯವನ್ನು ಹೊಣೆಯಾಗಿಸುತ್ತದೆಯೇ ಹೊರತು ಯಾವ ರಾಣಿಯನ್ನೂ ಅಲ್ಲ, ಇದು ಗಮನಿಸಬೇಕಾದ ಸಂಗತಿ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೇ 1881ರಲ್ಲಿ ಬ್ರಿಟಿಷರಿಂದ ರಾಜ್ಯ ಮರಳಿತು. ಇನ್ನು ಮಾಘ ಶುದ್ಧ ಅಷ್ಟಮಿಯ ಭೀಷ್ಮತರ್ಪಣದಲ್ಲಿ ಕರ್ತೃವು ಭೀಷ್ಮನ ಗೋತ್ರವನ್ನು ಹೇಳಿ, ಅವನನ್ನು ಅಪುತ್ರನೆಂದೇ ಸಂಬೋಧಿಸಿ, ತನಗೆ ಯಾವ ರಕ್ತಸಂಬಂಧವೂ ಇಲ್ಲದ ಆ ಹಿರಿಯನಿಗೆ ನೀರು ಬಿಡುತ್ತಾನೆ.

ಕರ್ಮಸಿದ್ಧಾಂತದ ಹೆಸರಿನಲ್ಲಿ ನಡೆಯುವ ದೋಷಾರೋಪವು ಆ ಸಿದ್ಧಾಂತಕ್ಕೇ ವಿರುದ್ಧವಾದದ್ದು. ಹಿಂದಿನ ಕರ್ಮದಿಂದ ಹುಟ್ಟಿ ಫಲ ಕೊಡುವವರೆಗೆ ಆತ್ಮದಲ್ಲಿ ನಿಲ್ಲುವ ಸಂಸ್ಕಾರವನ್ನು ನೈಯಾಯಿಕರು ಅದೃಷ್ಟವೆಂದು ಕರೆದರು, ಎಂದರೆ ಕಣ್ಣಿಗೆ ಕಾಣದ್ದು. ಕಾಣದ್ದನ್ನು ಪಕ್ಕದ ಮನೆಯವರು ಕಂಡಂತೆ ಮಾತನಾಡುವುದು ಯಾವ ಪ್ರಮಾಣದಿಂದಲೋ ತಿಳಿಯದು. ಚರಕಸಂಹಿತೆಯ ವಿಮಾನಸ್ಥಾನವು ಆಯುಸ್ಸಿನ ವಿಚಾರದಲ್ಲಿ, ಹಿಂದಿನ ಜನ್ಮದ ಕರ್ಮವಾದ ದೈವ ಮತ್ತು ಈ ಜನ್ಮದ ಪ್ರಯತ್ನವಾದ ಪುರುಷಕಾರ ಇವೆರಡನ್ನೂ ತೂಗಿ ನೋಡಿ, ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೆ ಅರ್ಥವೇ ಇರುವುದಿಲ್ಲವೆಂದು ವಾದಿಸುತ್ತದೆ. ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜ, ಅಂದರೆ ತಕ್ಕ ಕಾಲ, ಗರ್ಭಾಶಯ, ಪೋಷಕ ರಸ ಮತ್ತು ಸ್ತ್ರೀಪುರುಷರ ಬೀಜ ಬೇಕೆನ್ನುವ ಸುಶ್ರುತನು ಮೊದಲು ಪರಿಶೀಲಿಸುವುದು ಪುರುಷನ ಶುಕ್ರದ ದೋಷಗಳನ್ನು. ವೈದ್ಯಶಾಸ್ತ್ರವು ಹೀಗೆ ಇಬ್ಬರನ್ನೂ ನೋಡುವಾಗ ಧರ್ಮಶಾಸ್ತ್ರವು ಹಿಂದುಳಿಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ: ಬಂಜೆಯಾದ ಹೆಂಡತಿಯಿರುವಾಗ ಎಂಟನೆಯ ವರ್ಷದಲ್ಲಿ ಮತ್ತೊಬ್ಬಳನ್ನು ತರಬಹುದೆಂದು ಮನುವೇ ಅನುಮತಿಸಿದ್ದಾನೆ. ರೂಢಿಯು ಹಿಡಿದುಕೊಂಡದ್ದು ಈ ಮಾತನ್ನು, ಸುಶ್ರುತನದನ್ನಲ್ಲ.

ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರನ್ನಾಗಲಿ, ದೊಡ್ಡ ಮಳೂರಿನ ಅಂಬೆಗಾಲು ಕೃಷ್ಣನ ಮುಂದೆ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುವವರನ್ನಾಗಲಿ ಆಕ್ಷೇಪಿಸುವುದಕ್ಕೆ ಇದರಿಂದ ಕಾರಣ ದೊರೆಯುವುದಿಲ್ಲ. ಅಲ್ಲಿ ದಂಪತಿಗಳು ಜೊತೆಯಾಗಿ ಬೇಡಿಕೊಳ್ಳುತ್ತಾರೆ. ಅದೇ ನಾಗರಕಲ್ಲನ್ನು ಹೆಣ್ಣೊಬ್ಬಳ ಅಪರಾಧಕ್ಕೆ ಪ್ರಾಯಶ್ಚಿತ್ತವೆಂದು ವಿಧಿಸಿ, ಆಕೆಯನ್ನು ಸೀಮಂತ, ನಾಮಕರಣಗಳಿಂದ ದೂರವಿಟ್ಟಾಗ ಅದು ಅಧರ್ಮವಾಗುತ್ತದೆ. ಇಂದಿನ ವೈದ್ಯಶಾಸ್ತ್ರಕ್ಕೆ ಬಂದರೆ, ಒಂದು ವರ್ಷ ಗರ್ಭನಿರೋಧಕಗಳಿಲ್ಲದೆ ನಿಯಮಿತವಾಗಿ ಕೂಡಿದ ನಂತರವೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಪಾಲೂ ಇರುತ್ತದೆಂಬುದು ವೈದ್ಯರ ಅನುಭವ. ಆದುದರಿಂದ ಶಾಂತಿ ಮಾಡಿಸಲು ಬರುವ ಕುಟುಂಬವನ್ನು ಪುರೋಹಿತರೂ ಮನೆಯ ಹಿರಿಯರೂ, ಗಂಡನ ವೀರ್ಯಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಬೇಕು.