ನಿಂತ ಮರದ ಮನೆ

ಕಡಿದ ಮರ ನೆಲಕ್ಕೆ ಉರುಳುತ್ತದೆ. ಉರುಳಿದ ದಿಮ್ಮಿಗಳನ್ನು ಹಾಗೇ ಒಂದರ ಮೇಲೊಂದು ಮಲಗಿಸಿ, ಮೂಲೆಯಲ್ಲಿ ಕಚ್ಚು ಹಾಕಿ ಕೂಡಿಸಿದರೆ ಗೋಡೆ. ಅಮೆರಿಕದ ದಿಮ್ಮಿಮನೆ ಎಂದರೆ ಕಣ್ಣಿಗೆ ಕಟ್ಟುವುದು ಈ ಚಿತ್ರವೇ. ಲಿಂಕನ್ ಹುಟ್ಟಿದ್ದು ಅಂಥದೊಂದರಲ್ಲಿ ಎಂದು ಶಾಲೆಯಲ್ಲಿ ಓದಿದ ನೆನಪು. ಮಿಸಿಸಿಪ್ಪಿಯ ದಂಡೆಗೆ ಬಂದು ನೆಲೆಸಿದ ಫ್ರೆಂಚರು ಮಾತ್ರ ಉರುಳಿದ ಮರವನ್ನು ಎಬ್ಬಿಸಿ ಮತ್ತೆ ನಿಲ್ಲಿಸಿದರು.

ಮಿಸ್ಸೂರಿ ರಾಜ್ಯದ ಸೇಂಟ್ ಜೆನೆವೀವ್ ಊರಿನಲ್ಲಿ ಅಮೂರೊ ಮನೆ ಎಂಬುದೊಂದಿದೆ. ನೆಲದಲ್ಲಿ ಉದ್ದಕ್ಕೂ ಕಾಲುವೆಯಂತೆ ತೋಡಿ, ಸೀಡರ್ ಕಂಬಗಳನ್ನು ಸಾಲಾಗಿ ನೆಟ್ಟು, ಮಣ್ಣು ತುಂಬಿ ಗಟ್ಟಿ ಮಾಡಿದ ಮನೆ. ಗೋಡೆಯ ಕೆಳಗೆ ಅಡಿಪಾಯದ ಕಲ್ಲಿಲ್ಲ. ಕಂಬದ ಒಳಮೈ, ಹೊರಮೈಗಳನ್ನು ಕೊಡಲಿಯಿಂದ ಸಪಾಟು ಮಾಡಿ, ನಡುವಿನ ಸಂದಿಗೆ ಗಾರೆ ಮೆತ್ತುತ್ತಿದ್ದರು. ಕೆಲವು ಮನೆಗಳಲ್ಲಿ ಅದು ಹುಲ್ಲು ಕಲಸಿದ ಜೇಡಿಮಣ್ಣು, ಕೆಲವದರಲ್ಲಿ ಕಲ್ಲು, ಸುಣ್ಣ. ಮನೆಯ ಮುಂದೆ ಉದ್ದಕ್ಕೂ ಮಾಡು ಚಾಚಿದ ಜಾಗವನ್ನು ಅವರು ಗ್ಯಾಲರಿ ಅಂದರು. ನಾವಾದರೆ ಜಗಲಿ ಅನ್ನುತ್ತಿದ್ದೆವು. ಗೋಡೆಯ ಬುಡಕ್ಕೆ ಮಳೆ ತಾಗದಂತೆ ಕಾಯುವುದೂ ಅದೇ.

ಬೇಲಿಗೆ ಗೂಟ ನೆಟ್ಟವರಿಗೆಲ್ಲ ಗೊತ್ತು: ಗೂಟ ಮೇಲೆ ಗಟ್ಟಿಯಾಗಿಯೇ ಇರುತ್ತದೆ, ಮಣ್ಣು ಮುಗಿದು ಗಾಳಿ ಶುರುವಾಗುವ ಆ ಒಂದು ಗೇಣಿನಲ್ಲಿ ಕೊಳೆತು ಮುರಿಯುತ್ತದೆ. ಹೀಗೆ ಮಣ್ಣಿನಲ್ಲಿ ನೆಟ್ಟ ಕಂಬದ ಫ್ರೆಂಚ್ ಮನೆಗಳು ಇಡೀ ಅಮೆರಿಕದಲ್ಲಿ ಈಗ ಉಳಿದಿರುವುದು ಐದೇ. ಅದರಲ್ಲಿ ಮೂರು ಈ ಪುಟ್ಟ ಊರಿನವು. ಉಳಿಸಿದ್ದು ಯಾವುದು? ಹೆಸರಿಗೆ ಸೀಡರ್ ಆದರೂ ಈ ಮರ ಜುನಿಪರ್ ಜಾತಿಯದು. ಅದರ ಕೆಂಪು ಚೇಗಿಗೆ ಹುಳವೂ ಅಷ್ಟಾಗಿ ತಾಗದು, ಕೊಳೆಯೂ ಬೇಗ ಹತ್ತದು. ಒಂದು ಕಾಲಕ್ಕೆ ಪೆನ್ಸಿಲ್‌ ಮಾಡುತ್ತಿದ್ದುದೂ ಇದೇ ಮರದಿಂದ. ಪೆನ್ಸಿಲ್ ಹೆರೆದಾಗ ಮೂಗಿಗೆ ಬರುತ್ತಿದ್ದ ಆ ಸಿಹಿ ಒಗರು ಘಮದಲ್ಲಿ ಒಂದು ಮನೆಯನ್ನು ನಿಲ್ಲಿಸುವ ಕಸುವಿತ್ತು ಎಂಬುದು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಮನೆಯ ವಯಸ್ಸಿನದು ಇನ್ನೊಂದು ಕಥೆ. 1770ರದು ಎಂದು ಊರೇ ನಂಬಿತ್ತು. ಆಮೇಲೆ ಮರದ ಉಂಗುರಗಳನ್ನು ಎಣಿಸಬಲ್ಲವರು ಬಂದರು. ಮಳೆ ಚೆನ್ನಾಗಿ ಬಿದ್ದ ವರ್ಷ ಉಂಗುರ ದಪ್ಪ, ಬರ ಬಂದ ವರ್ಷ ಸಪೂರ. ಆ ಸಾಲನ್ನು ಅದೇ ಸೀಮೆಯ ಬೇರೆ ಮರಗಳ ಸಾಲಿಗೆ ಹೊಂದಿಸಿ ನೋಡಿದರೆ ಕೊಡಲಿ ಬಿದ್ದ ವರ್ಷ ಸಿಕ್ಕುತ್ತದೆ. ಸಿಕ್ಕಿದ್ದು 1792. ಮನುಷ್ಯರ ನೆನಪು ಇಪ್ಪತ್ತೆರಡು ವರ್ಷ ತಪ್ಪಿತ್ತು. ಯೋಚಿಸಿದರೆ ಮರ ಹೇಳಿದ್ದೇ ಸರಿಹೋಗುತ್ತದೆ: 1785ರಲ್ಲಿ ಮಿಸಿಸಿಪ್ಪಿ ಉಕ್ಕಿ ಹಳೆಯ ಊರನ್ನು ನುಂಗಿತ್ತು, ಜನ ಎತ್ತರದ ನೆಲ ಹುಡುಕಿಕೊಂಡು ಬಂದು ಈಗಿನ ಊರು ಕಟ್ಟಿದರು.

ಇಷ್ಟಕ್ಕೂ 1792ರಲ್ಲಿ ಅಲ್ಲಿ ಫ್ರಾನ್ಸಿನ ಆಡಳಿತವೇ ಇರಲಿಲ್ಲ! ನದಿಯ ಪಶ್ಚಿಮದ ಸೀಮೆಯನ್ನು ಫ್ರಾನ್ಸ್ 1762ರಲ್ಲೇ ಗುಟ್ಟಾಗಿ ಸ್ಪೇನಿಗೆ ಬಿಟ್ಟುಕೊಟ್ಟಿತ್ತು. ದೊರೆ ಸ್ಪೇನಿನವನು, ಮಾತು, ಅಡುಗೆ, ಗೋಡೆ ಫ್ರೆಂಚರವು. 1803ರಲ್ಲಿ ಸೀಮೆ ಅಮೆರಿಕಕ್ಕೆ ಮಾರಾಟವಾದಾಗಲೂ ಕಂಬಗಳು ನೆಟ್ಟಲ್ಲೇ ಇದ್ದವು.

ಉಂಗುರ ಎಣಿಸಿದವರಿಗೂ ಸಿಗದ ಸಂಗತಿ ಒಂದಿದೆ. ಆ ಊರಿನಲ್ಲಿ ಆಗ ಗುಲಾಮರ ಸಂಖ್ಯೆ ದೊಡ್ಡದು. ಕಾಡಿನಿಂದ ಮರ ಕಡಿದು ತರುವಂಥ ಭಾರದ ಕೆಲಸ ಅವರ ಹೆಗಲಿಗೇ ಬೀಳುತ್ತಿತ್ತು. ಕೊಡಲಿ ಬಿದ್ದ ವರ್ಷವನ್ನು ಮರ ಹೇಳಿತು, ಕೊಡಲಿ ಹಿಡಿದವನ ಹೆಸರನ್ನಲ್ಲ. ಮನೆಗೆ ಈಗಿನ ಹೆಸರು ಬಂದದ್ದು 1852ರಲ್ಲಿ ಅದನ್ನು ಕೊಂಡ ಬೆಂಜಮಿನ್ ಅಮೂರೊನಿಂದ. ಅವನ ಹೆಂಡತಿ ಪೆಲಾಜಿ ಹುಟ್ಟಿದ್ದು ಗುಲಾಮಳಾಗಿ, ಬಿಡುಗಡೆ ಆದದ್ದು ಆಮೇಲೆ. ಆ ಕಂಬಗಳ ನಡುವೆ ಅವಳು ಮನೆಯೊಡತಿಯಾಗಿ ಒಲೆ ಹೊತ್ತಿಸುವ ಹೊತ್ತಿಗೆ, ನೆಟ್ಟ ಮರಕ್ಕೆ ಅರವತ್ತು ತುಂಬಿತ್ತು.