ಚಿತ್ರದೊಳಗಿನ ಗಡಿಯಾರ

ಛಾಯಾಚಿತ್ರವು ಕಂಡುದನ್ನು ಕಂಡಂತೆಯೇ ಒಪ್ಪಿಸುವ ಸಾಕ್ಷಿಯೆಂಬುದು ಲೋಕದ ನಂಬಿಕೆ. ಆದರೆ ನಿಜವಾದ ಸಾಕ್ಷಿಯಿಂದಲೂ ತಪ್ಪು ತೀರ್ಪು ಹುಟ್ಟಬಹುದೆ?

ಮೈಸೂರಿನಲ್ಲಿ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಚಿತ್ರವನ್ನು ನೋಡಿದರೆ ಕನ್ನಡ ಅಂಕಿಗಳೂ ಮುಳ್ಳುಗಳೂ ಸ್ಪಷ್ಟವಾಗಿ ತೋರುವುವು. ಆ ಗಳಿಗೆಯಲ್ಲಿ ಅದು ನಡೆಯುತ್ತಿತ್ತೋ ನಿಂತಿತ್ತೋ ಎಂಬುದನ್ನು ಮಾತ್ರ ಚಿತ್ರವು ಹೇಳದು. ಲೋಲಕವು ಕಣ್ಣಿಗೆ ಕಾಣುವ ಹಳೆಯ ಗೋಡೆಗಡಿಯಾರದಲ್ಲಾದರೂ ಈ ಸಂದೇಹ ನೀಗೀತೆ? ಸೆಕೆಂಡಿನ ಐನೂರರ ಒಂದು ಪಾಲು ಮಾತ್ರ ಕ್ಯಾಮರಾದ ಕಣ್ಣು ತೆರೆದರೆ, ತೂಗುವ ಲೋಲಕವೂ ನಿಶ್ಚಲವಾಗಿ ಮೂಡುವುದು. ಅದು ನಟ್ಟನಡುವೆ ಇದ್ದಾಗ ಸೆರೆಯಾದರಂತೂ, ಕೀಲಿ ಮುಗಿದು ನಿಂತ ಗಡಿಯಾರಕ್ಕೂ ಇದಕ್ಕೂ ಭೇದವೇ ತೋರದು. ಲೋಲಕದ ವೇಗವು ಅತ್ಯಧಿಕವಾಗಿರುವುದೂ ಆ ನಡುವಿನಲ್ಲಿಯೇ ಎಂಬುದು ಸೋಜಿಗ.

ಅದೇ ಕಣ್ಣನ್ನು ಎರಡು ಸೆಕೆಂಡು ತೆರೆದಿಟ್ಟರೆ ಗಂಟೆ ನಿಮಿಷಗಳ ಮುಳ್ಳುಗಳು ಸ್ಪಷ್ಟವಾಗಿಯೇ ಉಳಿದು, ಲೋಲಕವು ಮಸುಕಾದ ಪಟ್ಟಿಯಾಗುವುದು. ಹಿಂತಿರುಗುವ ಎರಡು ಕೊನೆಗಳಲ್ಲಿ ಅದು ತುಸು ತಡೆಯುವುದರಿಂದ ಅಲ್ಲಿ ಗುರುತು ದಟ್ಟ, ನಡುವೆ ತೆಳು. ಈ ಚಿತ್ರದಲ್ಲಿ ಲೋಲಕದ ರೂಪವು ಕೆಟ್ಟಿತು. ಗಡಿಯಾರವು ನಡೆಯುತ್ತಿದೆಯೆಂಬ ಸತ್ಯವು ಉಳಿಯಿತು. ಕೊಟ್ಟೂರಿನ ತೇರಿನ ಚಿತ್ರವೂ ಹಾಗೆಯೇ. ತೇರು ಸಾಗುತ್ತಿದೆಯೆಂಬುದನ್ನು ತೇರು ಹೇಳದು. ಎಳೆಯುವವರ ಬಿಗಿದ ತೋಳುಗಳು ಹೇಳಬೇಕು.

ಮನುಷ್ಯರನ್ನು ಅಳೆಯುವಾಗ ನಾವು ಹಿಡಿಯುವುದು ಬಹುಮಟ್ಟಿಗೆ ಮೊದಲ ಬಗೆಯ ಚಿತ್ರವನ್ನೇ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಒಕ್ಕಲುಮನೆಯಲ್ಲಿ ವಿಚಾರಿಸಿದರೂ ಇದು ತಿಳಿದ ಸಂಗತಿ. ಹೊಲದ ಬದುವಿನ ವ್ಯಾಜ್ಯದಲ್ಲಿ ತಮ್ಮನು ಒಂದು ಬಿರುನುಡಿಯಾಡಿದನು. ಅಣ್ಣನು ಆ ಗಳಿಗೆಯ ಮುಖವನ್ನೇ ಮನಸ್ಸಿನಲ್ಲಿ ಅಚ್ಚೊತ್ತಿಕೊಂಡು, ಇಪ್ಪತ್ತು ವರ್ಷ ಕಳೆದರೂ ತಮ್ಮನೆಂದರೆ ಅದೇ ಎಂದು ನಂಬಿರುವನು. ಆ ನುಡಿಯನ್ನು ಆಡಿದುದು ನಿಜ. ನೊಂದವನು ಅದನ್ನು ಅಳಿಸಿಹಾಕಬೇಕೆಂದು ಯಾರೂ ವಿಧಿಸಲಾರರು. ಆದರೆ ಆ ಬಳಿಕ ತಮ್ಮನ ಮನಸ್ಸು ಎತ್ತ ಸರಿಯಿತೆಂಬುದು ಆ ಚಿತ್ರದಲ್ಲಿಲ್ಲ. ನಿಂತುದು ಸ್ಥಾವರ, ನಡೆವುದು ಜಂಗಮ ಎಂಬ ವಿವೇಕವನ್ನು ಶರಣರಿಂದ ಪಡೆದ ನಾವು, ಉಸಿರಾಡುವ ಒಡಹುಟ್ಟಿದವನನ್ನು ಸ್ಥಾವರವಾಗಿಸಿ ನೆನಪಿನ ಗೋಡೆಗೆ ಮೊಳೆ ಹೊಡೆಯುವುದು ಉಚಿತವೆ?

ಗಡಿಯಾರವು ನಡೆಯುತ್ತಿದೆಯೆ ಎಂದು ತಿಳಿಯಬಯಸುವವನು ಚಿತ್ರವನ್ನು ಕೆಳಗಿಟ್ಟು, ಗಡಿಯಾರದ ಮುಂದೆ ಹೋಗಿ ತುಸು ಹೊತ್ತು ನಿಲ್ಲಬೇಕು. ಬೇರೆ ಉಪಾಯವಿಲ್ಲ. ತಮ್ಮನ ಮನೆಯೇನೂ ಅಷ್ಟು ದೂರವಿರುವುದಿಲ್ಲ.