ಆಟದ ಟ್ಯಾಂಕು ಮತ್ತು ಅನರ್ಥದಂಡವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಪ್ರಾಣಿವಧೆಯಿಂದ ದೂರವಿರಬೇಕೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಪ್ರಾಣವೇ ಇಲ್ಲದ ವಸ್ತುವಿನೊಡನೆ ಆಡುವ ಆಟದಲ್ಲಿಯೂ ಹಿಂಸೆಯ ದೋಷ ತಗಲುವುದೇ ಎಂಬ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಯುದ್ಧದ ಟ್ಯಾಂಕುಗಳ ಪುಟ್ಟ ಪ್ರತಿರೂಪಗಳನ್ನು ಕಟ್ಟಿ, ಬಣ್ಣ ಬಳಿದು, ರೇಡಿಯೋ ತರಂಗಗಳ ಮೂಲಕ ದೂರದಿಂದ ನಡೆಸುವ ಹವ್ಯಾಸವು ಈ ಪ್ರಶ್ನೆಯನ್ನು ಬಲವಾಗಿ ಮುಂದಿಡುತ್ತದೆ. ಜಪಾನ್, ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ಸಾವಿರಾರು ಜನರು ಇದರಲ್ಲಿ ತೊಡಗಿದ್ದಾರೆ. ಪೆಟ್ಟಿಗೆಯಲ್ಲಿ ಬರುವ ಈ ಸಾಮಗ್ರಿ ಶ್ರಾವಕನ ಮನೆಯ ಹೊಸ್ತಿಲಿಗೂ ಬರಬಹುದು. ಆಗ ಮನೆಯ ಹಿರಿಯರು ಏನೆನ್ನಬೇಕು?

ಮೊದಲು ವಸ್ತುವಿನ ಪರಿಚಯ ಅಗತ್ಯ. ಟ್ಯಾಂಕು ಮೊದಲ ಬಾರಿಗೆ ರಣರಂಗಕ್ಕಿಳಿದುದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಇಂಗ್ಲೆಂಡಿನಲ್ಲಿ ಅದನ್ನು ಗುಟ್ಟಾಗಿ ತಯಾರಿಸುವಾಗ ನೋಡಿದವರು ನೀರಿನ ತೊಟ್ಟಿಯೆಂದು ತಿಳಿಯಲೆಂದು ಇಟ್ಟ ಹೆಸರೇ ಇಂದಿಗೂ ಉಳಿದಿದೆ. ಕೊಲ್ಲುವ ಯಂತ್ರವೊಂದು ಬಾಯಾರಿಕೆ ತಣಿಸುವ ಪಾತ್ರೆಯ ಹೆಸರನ್ನು ಹೊತ್ತು ಲೋಕದಲ್ಲಿ ಸಂಚರಿಸುತ್ತಿದೆ. ಅದರ ಮಾದರಿಗಳಿಗೆ ಜನಪ್ರಿಯತೆ ತಂದವರಲ್ಲಿ ಜಪಾನಿನ ಶಿಜುವೋಕಾ ನಗರದ ತಮಿಯಾ ಸಂಸ್ಥೆ ಪ್ರಮುಖವಾದುದು. 1960ರ ದಶಕದ ಆರಂಭದಲ್ಲಿ ಅದು ಹೊರತಂದ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿತ್ತು. ಆ ಬ್ಯಾಟರಿಗಳ ಗಾತ್ರಕ್ಕೆ ತಕ್ಕಂತೆ ನಿಂತ 1/35ರ ಪ್ರಮಾಣವೇ ಮುಂದೆ ಜಗತ್ತಿನ ರೂಢಿಯಾಯಿತು. ರೇಡಿಯೋದಿಂದ ನಡೆಯುವ ದೊಡ್ಡ ಮಾದರಿಗಳಿಗೆ ಈಗ 1/16ರ ಪ್ರಮಾಣ ಬಹಳ ಬಳಕೆಯಲ್ಲಿದೆ.

ಎರಡನೆಯ ಮಹಾಯುದ್ಧದ ಟೈಗರ್ ಎಂಬ ಜರ್ಮನ್ ಟ್ಯಾಂಕು ತೋಪಿನ ನಳಿಗೆಯೂ ಸೇರಿ ಸುಮಾರು ಎಂಟೂವರೆ ಮೀಟರ್ ಉದ್ದವಿತ್ತು. 1/16ರ ಮಾದರಿಯಲ್ಲಿ ಅದು 53 ಸೆಂಟಿಮೀಟರ್ ಆಗುತ್ತದೆ. ಆದರೆ ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 57 ಟನ್ನನ್ನು 4096ರಿಂದ ಭಾಗಿಸಬೇಕು. ಬರುವುದು ಸುಮಾರು 14 ಕಿಲೋಗ್ರಾಂ. ಪ್ಲಾಸ್ಟಿಕ್ ಮಾದರಿ ಇದಕ್ಕಿಂತ ಬಹಳ ಹಗುರ. ಆದುದರಿಂದ ಅದು ನಿಜವಾದ ಟ್ಯಾಂಕಿನಂತೆ ಗಂಭೀರವಾಗಿ ಸಾಗದೆ ಮಿಡತೆಯಂತೆ ನೆಗೆಯುತ್ತದೆ. ಈ ಕೊರತೆಯನ್ನು ನೀಗಲು ಹವ್ಯಾಸಿಗಳು ಲೋಹದ ಸರಪಣಿಪಟ್ಟಿಗಳನ್ನೂ ಚಕ್ರಗಳನ್ನೂ ಜೋಡಿಸುತ್ತಾರೆ. ಎರಡು ಪಟ್ಟಿಗಳಿಗೆ ಎರಡು ಮೋಟಾರುಗಳು. ಒಂದನ್ನು ನಿಧಾನಗೊಳಿಸಿದರೆ ಯಂತ್ರ ಆ ಬದಿಗೆ ತಿರುಗುತ್ತದೆ, ಎರಡನ್ನೂ ವಿರುದ್ಧ ದಿಕ್ಕಿನಲ್ಲಿ ಓಡಿಸಿದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಎಂಜಿನ್ನಿನ ಗರ್ಜನೆ, ಹೊಗೆ, ತೋಪು ಹಾರಿದಾಗ ನಳಿಗೆ ಹಿಂದೆ ಸರಿಯುವ ಚಲನೆ, ಎಲ್ಲವೂ ಇರುತ್ತವೆ.

ಇನ್ನು ಸೂಕ್ಷ್ಮ ಕೆಲಸ. ಹೊಸ ಬಣ್ಣ ಬಳಿದ ಟ್ಯಾಂಕು ನಿಜವೆನಿಸುವುದಿಲ್ಲ. ಆದುದರಿಂದ ಬಲ್ಲ ಹವ್ಯಾಸಿ ಅದನ್ನು ಹಳೆಯದಾಗಿಸುತ್ತಾನೆ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಕೇಶತೈಲದಂತೆ ಸಿಂಪಡಿಸುವ ದ್ರಾವಣ, ಅದರ ಮೇಲೆ ಹೊರಬಣ್ಣ. ಆಮೇಲೆ ಒದ್ದೆ ಕುಂಚದಿಂದ ತಿಕ್ಕಿದರೆ ಹೊರಬಣ್ಣ ಅಲ್ಲಲ್ಲಿ ಕಿತ್ತು ಒಳಗಿನ ತುಕ್ಕು ಕಾಣುತ್ತದೆ. ಕೆಸರು ಎಲ್ಲಿ ಸಿಡಿಯುತ್ತದೆ, ಎಣ್ಣೆ ಎಲ್ಲಿ ಸೋರುತ್ತದೆ, ಸೈನಿಕನು ಹತ್ತಿಳಿಯುವಾಗ ಅವನ ಬೂಟು ಯಾವ ಅಂಚನ್ನು ಸವೆಯಿಸುತ್ತದೆ ಎಂದು ಅವನು ತಿಂಗಳುಗಟ್ಟಲೆ ವಿಚಾರಮಾಡುತ್ತಾನೆ.

ಈ ಹವ್ಯಾಸದ ಪರವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಇದರಲ್ಲಿ ಯಾವ ಜೀವವೂ ಸಾಯುವುದಿಲ್ಲವೆಂಬುದು ಒಂದು. ಇದರಿಂದ ಮನಸ್ಸಿಗೆ ಏಕಾಗ್ರತೆ ಲಭಿಸುವುದೆಂಬುದು ಇನ್ನೊಂದು.

ಎರಡನೆಯದನ್ನು ಮೊದಲು ನೋಡಬಹುದು. ಏಕಾಗ್ರತೆ ತಾನಾಗಿಯೇ ಪುಣ್ಯವೆಂದು ಜಿನಾಗಮವು ಹೇಳುವುದಿಲ್ಲ. ನೀರಿನ ಅಂಚಿನಲ್ಲಿ ಒಂಟಿ ಕಾಲಿನಲ್ಲಿ ನಿಂತ ಬಕಪಕ್ಷಿಗೂ ಏಕಾಗ್ರತೆಯಿದೆ. ಧ್ಯಾನಗಳು ನಾಲ್ಕು, ಅವುಗಳಲ್ಲಿ ಆರ್ತ, ರೌದ್ರಗಳೆರಡೂ ಅಶುಭ. ಹಿಂಸೆಯಲ್ಲಿ ಹರ್ಷಪಡುವ ಹಿಂಸಾನಂದವು ರೌದ್ರಧ್ಯಾನದ ಮೊದಲ ಭೇದ. ಆದುದರಿಂದ ಮನಸ್ಸು ನಿಂತಿತೇ ಎಂದು ಕೇಳಿದರೆ ಸಾಲದು. ಯಾವುದರಲ್ಲಿ ನಿಂತಿತು ಎಂದೂ ಕೇಳಬೇಕು.

ಮೊದಲನೆಯ ಮಾತಿಗೆ ಉತ್ತರವನ್ನು ಕನ್ನಡ ನಾಡಿನ ಜೈನ ಮನೆತನಗಳು ಎಂಟು ಶತಮಾನಗಳಿಂದ ಬಲ್ಲವು. ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯವನ್ನು ಮೀರಲೂ ಆರದೆ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಹಿಟ್ಟಿಗೆ ಪ್ರಾಣವಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು ನಾಯಿಗಳಿಂದ ಮೊದಲುಗೊಂಡು ಕೋಳಿಯ ಜನ್ಮದವರೆಗೆ ತೊಳಲಬೇಕಾಯಿತು. ದೋಷವು ಹಿಟ್ಟಿನಲ್ಲಿರಲಿಲ್ಲ, ಕೋಳಿಯ ಆಕಾರವನ್ನು ಮಾಡಿದ ಕೈಯಲ್ಲಿಯೂ ಇರಲಿಲ್ಲ. ಕೋಳಿಯೆಂದೇ ಭಾವಿಸಿ ಕತ್ತಿಯೆತ್ತಿದ ಸಂಕಲ್ಪದಲ್ಲಿತ್ತು. ಇದೇ ಅಳತೆಗೋಲನ್ನು ಪ್ಲಾಸ್ಟಿಕ್ ಟ್ಯಾಂಕಿಗೂ ಹಿಡಿಯಬೇಕು. ಯಂತ್ರವನ್ನು ತಿಳಿಯಲೆಂದು ಕಟ್ಟಿದವನು ಹಿಟ್ಟನ್ನು ನಾದಿದವನಂತೆ. ಶತ್ರುವನ್ನು ಸುಟ್ಟೆನೆಂಬ ಹಿಗ್ಗಿನಿಂದ ಗುಂಡಿಯನ್ನು ಒತ್ತುವವನಾದರೋ ಕತ್ತಿಯನ್ನು ಎತ್ತಿದ್ದಾನೆ.

ಇಲ್ಲಿ ಮತ್ತೊಂದು ಆಕ್ಷೇಪ ಏಳಬಹುದು. ಈ ಟ್ಯಾಂಕುಗಳ ನಡುವೆ ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳಿಂದ ಕಾಳಗವನ್ನೂ ಆಡುತ್ತಾರೆ. ಕಿರಣ ತಗಲಿದ ಟ್ಯಾಂಕು ನಡುಗುತ್ತದೆ. ನಿಗದಿಯಾದಷ್ಟು ಪೆಟ್ಟುಗಳು ಬಿದ್ದ ಮೇಲೆ ಸ್ತಬ್ಧವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಪುನಃ ಚಲಿಸುತ್ತದೆ. ಯಾರಿಗೂ ಗಾಯವಿಲ್ಲ. ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ ಜನಕ್ಷಯವಾಗಬಾರದೆಂದು ಮಂತ್ರಿಗಳು ಏರ್ಪಡಿಸಿದ ದೃಷ್ಟಿ, ಜಲ, ಮಲ್ಲ ಯುದ್ಧಗಳೂ ರಕ್ತರಹಿತವಾದುವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸಿದನು. ರಕ್ತವಿಲ್ಲದ ಸ್ಪರ್ಧೆಯಿಂದಲೂ ಕಷಾಯ ಹುಟ್ಟಬಲ್ಲುದು. ಆಟ ಮುಗಿದ ಮೇಲೆ ಸೋತವನ ಮುಖ ಹೇಗಿದೆ, ಗೆದ್ದವನ ಮಾತು ಹೇಗಿದೆ ಎಂಬುದೇ ಅಲ್ಲಿನ ಪರೀಕ್ಷೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಮಗುವಿನ ಕೈಗೆ ಆಟದ ಟ್ಯಾಂಕನ್ನು ಕೊಡುವುದು ಹಿಂಸಾದಾನವೇ ಎಂದು ಹಿರಿಯರು ಶಂಕಿಸಿದರೆ ಅದು ಹುರುಳಿಲ್ಲದ ಶಂಕೆಯಲ್ಲ. ಅದು ಆಯುಧವಲ್ಲ, ನಿಜ. ಆದರೆ ಆಯುಧದ ಮೇಲಣ ಮೋಹಕ್ಕೆ ಬೀಜವಾಗಬಹುದು. ಆದುದರಿಂದ ಅದನ್ನು ಯಾರು, ಯಾರಿಗೆ, ಯಾವ ಮಾತಿನೊಡನೆ ಕೊಡುತ್ತಾರೆ ಎಂಬುದು ಮುಖ್ಯ.

ಆ ಮಾತು ಯಾವುದಾಗಬಹುದೆಂಬುದನ್ನು ಸೂಕ್ಷ್ಮ ಕೆಲಸವೇ ತೋರಿಸಿಕೊಡುತ್ತದೆ. ಟೈಗರ್ ಟ್ಯಾಂಕಿನಲ್ಲಿ ಐವರು ಇರುತ್ತಿದ್ದರು: ನಾಯಕ, ಗುರಿಕಾರ, ಗುಂಡು ತುಂಬುವವನು, ಚಾಲಕ, ರೇಡಿಯೋ ನಡೆಸುವವನು. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ವಶವಾದ 131ನೆಯ ಸಂಖ್ಯೆಯ ಟೈಗರ್ ಇಂದಿಗೂ ಇಂಗ್ಲೆಂಡಿನ ಬೋವಿಂಗ್‌ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿದೆ. ಪೆಟ್ಟು ಬಿದ್ದು ಅದರ ಗೋಪುರ ತಿರುಗದಂತಾದಾಗ ಒಳಗಿದ್ದವರು ಬಿಟ್ಟು ಓಡಿದರು. ಆ ಪೆಟ್ಟಿನ ಗುರುತುಗಳನ್ನು ಹವ್ಯಾಸಿಗಳು ತಮ್ಮ ಮಾದರಿಗಳಲ್ಲಿ ಯಥಾವತ್ತಾಗಿ ಕೆತ್ತುತ್ತಾರೆ. ಅಲ್ಲಿ ಓಡಿದವರು ಬದುಕಿದರು. ಬೇರೆ ಎಷ್ಟೋ ಟ್ಯಾಂಕುಗಳಲ್ಲಿ ಮುಚ್ಚಳ ತೆರೆಯುವುದರೊಳಗೆ ಬೆಂಕಿ ವ್ಯಾಪಿಸಿತು. ಉಕ್ಕಿನ ತಗಡಿನ ಮೇಲೆ ಒಂದು ರಂಧ್ರವನ್ನೂ ಅದರ ಸುತ್ತಣ ಮಸಿಯನ್ನೂ ಕುಂಚದಿಂದ ಮೂಡಿಸುವವನು, ಒಳಗಿದ್ದ ಐವರು ಏನಾದರು ಎಂದು ಕ್ಷಣಕಾಲವಾದರೂ ಕೇಳಿಕೊಂಡರೆ, ಆ ಕೈಕೆಲಸ ಅನುಕಂಪೆಗೆ ದಾರಿಯಾಗುತ್ತದೆ. ಬೂಟಿನ ಸವೆತವನ್ನು ಕಂಡೂ ಬೂಟು ತೊಟ್ಟವನನ್ನು ಕಾಣದಿದ್ದರೆ, ಎಷ್ಟೇ ಯಥಾರ್ಥವಾದ ಮಾದರಿಯೂ ಅಸತ್ಯವೇ. ಮಗುವಿಗೆ ಟ್ಯಾಂಕಿನ ವೇಗವನ್ನೂ ತೋಪಿನ ಬಲವನ್ನೂ ಹೇಳುವ ತಂದೆ ಅದರ ಮುಚ್ಚಳಗಳನ್ನೂ ಎಣಿಸಿ ತೋರಿಸಲಿ.

ಭಾವಹಿಂಸೆಯ ವಿಚಾರ ಇಷ್ಟಾಯಿತು. ಆದರೆ ಈ ಹವ್ಯಾಸದಲ್ಲಿ ದ್ರವ್ಯಹಿಂಸೆಯೂ ಅಡಗಿದೆ. ಅದು ಟ್ಯಾಂಕಿನಲ್ಲಿಲ್ಲ, ಯಾರೂ ಶಂಕಿಸದ ಕಡೆಗಳಲ್ಲಿದೆ. ಸೂಕ್ಷ್ಮ ಗೆರೆಗಳಿಗೆ ಶ್ರೇಷ್ಠವೆಂದು ಹೊಗಳಿಸಿಕೊಳ್ಳುವ ಕೋಲಿನ್‌ಸ್ಕಿ ಕುಂಚವು ಸೈಬೀರಿಯಾದ, ಮುಂಗುಸಿಯಂತೆ ಕಾಣುವ ಒಂದು ಪ್ರಾಣಿಯ ಬಾಲದ ಕೂದಲಿನಿಂದ ಆದುದು. ಭಾರತದಲ್ಲಿ ಮುಂಗುಸಿಯ ಕೂದಲಿನ ಕುಂಚಗಳೂ ಮಾರಾಟವಾಗುತ್ತಿದ್ದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಮುಂಗುಸಿಗೆ ಇರುವುದರಿಂದ ಅವುಗಳ ವ್ಯಾಪಾರ ಈಗ ಅಪರಾಧ. ನೈಲಾನ್ ಎಳೆಯ ಕುಂಚ ಎಲ್ಲೆಡೆಯೂ ಸಿಗುತ್ತದೆ. ಕೆಲವು ಮಾದರಿಗಳು ಆರು ಮಿಲಿಮೀಟರ್‌ನ ಪ್ಲಾಸ್ಟಿಕ್ ಗುಂಡುಗಳನ್ನು ನಿಜವಾಗಿಯೇ ಹಾರಿಸುತ್ತವೆ. ಅವು ಕಣ್ಣಿಗೆ ತಗಲಿದರೆ ಅಪಾಯ. ಅಂಗಳದ ಗುಬ್ಬಚ್ಚಿಗೂ ಅಳಿಲಿಗೂ ಅಪಾಯ. ಇನ್ನು ಲೋಹದ ಪಟ್ಟಿಗಳ ಭಾರವಾದ ಮಾದರಿಯನ್ನು ಮಳೆಗಾಲದ ಹಸಿ ಹುಲ್ಲಿನ ಮೇಲೆ ಓಡಿಸಿದರೆ ಇರುವೆ, ಹುಳು, ಎರೆಗಳು ಅರೆದುಹೋಗುತ್ತವೆ. ಇದು ಪ್ರಮಾದಚರ್ಯೆಯೇ ಸರಿ. ಕಾಲ್ಪನಿಕ ಯುದ್ಧದ ಪಾಪಪುಣ್ಯಗಳನ್ನು ಚರ್ಚಿಸುತ್ತ ಚಕ್ರದಡಿಯ ಇರುವೆಯನ್ನು ಮರೆಯುವುದು ವಿವೇಕವಲ್ಲ.

ಕೊನೆಯದು ಪರಿಗ್ರಹ. ಒಂದು ಮಾದರಿ ಮುಗಿಯುವ ಮುನ್ನವೇ ನಾಲ್ಕು ಹೊಸ ಪೆಟ್ಟಿಗೆಗಳನ್ನು ಕೊಂಡು ಕಪಾಟಿನಲ್ಲಿ ಪೇರಿಸುವುದು ಈ ಹವ್ಯಾಸಿಗಳಲ್ಲಿ ಸರ್ವೇಸಾಮಾನ್ಯ. ಆಯುಷ್ಯವೆಲ್ಲ ಕುಳಿತರೂ ಕಟ್ಟಿ ಮುಗಿಸಲಾರದಷ್ಟು ಪೆಟ್ಟಿಗೆಗಳನ್ನು ಕೂಡಿಟ್ಟವರಿದ್ದಾರೆ. ಅದನ್ನು ಅವರೇ ನಗುತ್ತ ಒಪ್ಪಿಕೊಳ್ಳುತ್ತಾರೆ. ಹಿಂಸಾನಂದದಿಂದ ಪಾರಾದವನೂ ಪರಿಗ್ರಹಾನಂದದಲ್ಲಿ ಸಿಲುಕುವುದು ಹೀಗೆ.

ಹಾಗಾದರೆ ಈ ಹವ್ಯಾಸ ತ್ಯಾಜ್ಯವೋ ಗ್ರಾಹ್ಯವೋ? ಎಲ್ಲರಿಗೂ ಒಂದೇ ಉತ್ತರ ಸಲ್ಲದು. ತೋಪಿನ ಸದ್ದಿಗೆ ಯಾರ ಮನಸ್ಸು ಹಿಗ್ಗುವುದೋ ಅವನಿಗೆ ತ್ಯಾಗವೇ ಕ್ಷೇಮ. ಅವನ ಕೈಯಲ್ಲಿ ಪ್ಲಾಸ್ಟಿಕ್ಕೂ ಹಿಟ್ಟಿನ ಕೋಳಿಯೇ. ಕೈಕೆಲಸದ ಶ್ರದ್ಧೆಯಿಂದ ತೊಡಗಿದವನಿಗೆ ನಿಯಮಗಳು ಸಾಕು: ಪ್ರಾಣಿಯ ಕೂದಲಿನ ಕುಂಚವನ್ನು ಮುಟ್ಟದಿರುವುದು, ಗುಂಡು ಹಾರಿಸುವ ಮಾದರಿಯನ್ನು ಕೊಳ್ಳದಿರುವುದು, ಚಾತುರ್ಮಾಸದಲ್ಲಿ ಮನೆಯೊಳಗಿನ ನೆಲದ ಮೇಲೆ ಮಾತ್ರ ನಡೆಸುವುದು, ಕೈಯಲ್ಲಿರುವುದು ಮುಗಿಯುವವರೆಗೆ ಹೊಸ ಪೆಟ್ಟಿಗೆಯನ್ನು ತಾರದಿರುವುದು. ಇವು ಸಣ್ಣ ನಿಯಮಗಳು. ದಶಲಕ್ಷಣ ಪರ್ವದ ಹತ್ತು ದಿನ ಅನ್ನವನ್ನೇ ಮಿತಗೊಳಿಸಬಲ್ಲವನಿಗೆ ಇವು ಭಾರವಾಗಲಾರವು. ಭಾರವೆನಿಸಿದರೆ, ಆ ಟ್ಯಾಂಕು ಅವನ ಕೈಯಿಂದ ನಡೆಯುತ್ತಿಲ್ಲ. ಅವನೇ ಅದರ ಹಿಂದೆ ನಡೆಯುತ್ತಿದ್ದಾನೆ ಎಂದು ತಿಳಿಯಬೇಕು.